ಅರ್ಪಿತಾ ಆರಿಸಿದ ಸೆಟ್ಟು

ಗೇಮಿಂಗ್ ಕಂಪ್ಯೂಟರ್ ಕೊಳ್ಳಲು ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೊದಲು ಕೇಳುವುದು ಲೈಟನ್ನು. ಒಳಗೆ ಏನಿದೆ ಎಂಬುದು ಆಮೇಲೆ. ಕೆಂಪು, ಹಸಿರು, ನೀಲಿ ಎಂದು ಫ್ಯಾನು ಮಿನುಗಿದರೆ ಸಾಕು, ಅದೇ ಭಾರಿ ಮಷೀನು! ಚನ್ನಗಿರಿಯ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಇಂಥ ಕಂಪ್ಯೂಟರ್‌ಗಳನ್ನು ಮೊದಲೇ ಜೋಡಿಸಿಟ್ಟು ಮಾರುತ್ತಿದ್ದ ವಿಜಯಶ್ರೀಗೆ ಈ ಗಿರಾಕಿಗಳನ್ನು ಕಂಡು ಕಂಡು ಸಾಕಾಗಿತ್ತು. ಲೈಟು ಬೇಕೆಂದವರಿಗೆ ಲೈಟು ಕೊಟ್ಟು ಕಳಿಸುತ್ತಿದ್ದಳು. ಅದರಲ್ಲಿ ಅವಳ ತಪ್ಪೇನೂ ಇಲ್ಲ ಬಿಡಿ.

ತ್ಯಾವಣಿಗೆಯ ಅರ್ಪಿತಾ ಹಾಗಲ್ಲ. ಹತ್ತೊಂಬತ್ತರ ಹುಡುಗಿ, ಡಿಗ್ರಿ ಎರಡನೇ ವರ್ಷ. ಅಂಗಡಿಗೆ ಬಂದವಳೇ ರೆಡಿ ಸೆಟ್ಟಿನ ಪಕ್ಕದ ಗಾಜು ತೆಗೆಸಿ, ಒಳಗೆ ಕತ್ತು ತೂರಿಸಿ ನೋಡಿದಳು.

"ಅಕ್ಕ, ಈ ಮದುವೆ ಮನೆ ಸೀರಿಯಲ್ ಸೆಟ್ ಕಿತ್ತಾಕ್ರಿ. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹಾಕ್ರಿ."

ವಿಜಯಶ್ರೀಗೆ ನಗು ಬಂತು. ಹತ್ತು ವರ್ಷದಲ್ಲಿ ಹಾಗೆ ಹೇಳಿದ ಮೊದಲ ಗಿರಾಕಿ ಇವಳೇ. ಮನೆ ಮನೆಗೆ ಟ್ಯೂಷನ್ ಹೇಳಿ ಕೂಡಿಟ್ಟ ನಲವತ್ತೈದು ಸಾವಿರದೊಳಗೆ ಎಲ್ಲವೂ ಆಗಬೇಕಿತ್ತು. ಎರಡು ಸಂಜೆ ಇಬ್ಬರೂ ಅಕ್ಕಪಕ್ಕ ಕೂತು ಪಟ್ಟಿ ಮಾಡಿದರು. ಪ್ರೊಸೆಸರ್ ಹಿಂದಿನ ತಲೆಮಾರಿನದು ಸಾಕು. ರ‍್ಯಾಮ್ ಮಾತ್ರ ಎರಡು ಕಡ್ಡಿ ಇರಲೇಬೇಕು. ಕ್ಯಾಬಿನೆಟ್ ಗಟ್ಟಿ ತಗಡಿನದಾಗಬೇಕು, ಪ್ಲಾಸ್ಟಿಕ್ ಬೇಡ. ಹುಡುಗಿ ಒಂದೊಂದಕ್ಕೂ ವಾದ ಹೂಡಿ ವಿಜಯಶ್ರೀಯ ತಲೆ ತಿಂದಳು. ಕೊನೆಗೂ ಅವಳಿಗೆ ಬೇಕಾದ, ಆಟದ ಚಿತ್ರಗಳನ್ನು ಸರಾಗ ಓಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಎರಡು ಸಾವಿರ ಕಮ್ಮಿ ಬಿತ್ತು.

"ಪವರ್ ಸಪ್ಲೈ ಕಮ್ಮೀದು ಹಾಕಿದ್ರೆ?" ಎಂದಳು ಅರ್ಪಿತಾ.

ಪವರ್ ಸಪ್ಲೈ ಅಂದರೆ ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬ. ಎಲ್ಲಿ ಬೇಕಾದರೂ ಉಳಿಸಬಹುದು, ಅಲ್ಲಿ ಉಳಿಸಬಾರದು. ಇದು ವಿಜಯಶ್ರೀಗೆ ಚೆನ್ನಾಗಿ ಗೊತ್ತಿತ್ತು.

"ಅದೊಂದು ಬ್ಯಾಡ ಕಣೆ."

"ಕಣ್ಣಿಗೆ ಕಾಣಾಕಿಲ್ಲ, ಆಟದಾಗೂ ಗೊತ್ತಾಗಾಕಿಲ್ಲ. ಮುಂದಿನ ವರ್ಷ ಬದಲಾಯ್ಸಿದ್ರಾತು. ಹೂಂ ಅನ್ರಿ ಅಕ್ಕ!"

"ಇರಲಿ, ನಡೀತೈತೆ," ಎಂದುಬಿಟ್ಟಳು ವಿಜಯಶ್ರೀ. ಅಂಗಡಿಯವರು ದಿನಕ್ಕೆ ಹತ್ತು ಸಲ ಆಡುವ ಮಾತು ಅದು.

ಮುಂದಿನ ವರ್ಷ ಆ ಹುಡುಗಿಗೆ ಬರಲೇ ಇಲ್ಲ. ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಹಿಡಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂರೇ ದಿನ. ಸುದ್ದಿ ಕೇಳಿದಾಗ ವಿಜಯಶ್ರೀ ಯಾರದೋ ಸೆಟ್ಟಿಗೆ ಸ್ಕ್ರೂ ಬಿಗಿಯುತ್ತಿದ್ದಳು. ಸ್ಕ್ರೂ ಜಾರಿ ಒಳಗೆ ಬಿತ್ತು.

ಅಂದಿನಿಂದ ಒಂದು ಕಾಟ ಶುರುವಾಯಿತು. ಯಾರಿಗೇ ಪಟ್ಟಿ ಬರೆಯಲು ಕೂತರೂ, ಪವರ್ ಸಪ್ಲೈ ಸಾಲಿಗೆ ಬರುವಾಗ ಎಡಗಡೆಯ ಸ್ಟೂಲಿನ ಮೇಲೆ ಯಾರೋ ಬಂದು ಕೂತಂತೆ. ಅವಳು ತಿರುಗಿ ನೋಡುತ್ತಿರಲಿಲ್ಲ. ಸ್ಟೂಲು ಖಾಲಿ ಇರುತ್ತದೆಂಬ ಭಯವೋ, ಖಾಲಿ ಇರುವುದಿಲ್ಲವೆಂಬ ಭಯವೋ, ಅವಳಿಗೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅರ್ಪಿತಾಳ ತಾಯಿ ಉಡಚಮ್ಮನ ಫೋನ್ ಬಂತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಮಾತು ಕಮ್ಮಿ.

"ಕಂಪ್ಯೂಟ್ರು ಹತ್ತು ನಿಮಿಷಕ್ಕೆ ಆರಿ ಹೋಗ್ತೈತೆ. ನಂಗೆ ಅಷ್ಟು ಸಾಲಾಕಿಲ್ಲ. ನೀನೇ ಬಂದು ನೋಡವ್ವ."

ಮಗಳೇ ಇಲ್ಲದ ಮೇಲೆ ಈ ತಾಯಿಗೆ ಗೇಮಿಂಗ್ ಕಂಪ್ಯೂಟರ್ ಯಾಕೆ? ವಿಜಯಶ್ರೀ ಕೇಳಲಿಲ್ಲ. ಆರಿ ಹೋಗುತ್ತದೆ ಅಂದರೆ ಆ ಡಬ್ಬದ್ದೇ ಕೆಲಸ ಎಂದು ಒಂದು ಒಳ್ಳೆಯ ಪವರ್ ಸಪ್ಲೈ ಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನವೇ ಸ್ಕೂಟರ್ ಹತ್ತಿದಳು.

ಎರಡು ಕೋಣೆಯ ಮನೆ. ಉಡಚಮ್ಮನ ಗಂಡ ಸಣ್ಣಪ್ಪ ಸೂಳೆಕೆರೆಯಿಂದ ಮೀನು ಸಾಗಿಸುವ ಗಾಡಿಯ ಡ್ರೈವರ್, ಆಗ ಮನೆಯಲ್ಲಿರಲಿಲ್ಲ. ಮಗಳ ಕೋಣೆ ಗುಡಿಸಿ ಸಾರಿಸಿದಂತಿತ್ತು. ಮೇಜಿನ ಮೇಲೆ ಕ್ಯಾಬಿನೆಟ್, ಅದರ ನೆತ್ತಿಗೆ ಅರಿಸಿನ ಕುಂಕುಮ, ಒಂದು ಸೇವಂತಿಗೆ.

ವಿಜಯಶ್ರೀ ಸ್ವಿಚ್ ಹಾಕಿ ತಗಡಿನ ಮೇಲೆ ಬೆರಳಿಟ್ಟಳು. ಚುರ್ ಎಂದು ಕೈ ತಾನಾಗಿ ಹಿಂದಕ್ಕೆ ಬಂತು. ಟೆಸ್ಟರ್ ಹಿಡಿದರೆ ಅದರ ದೀಪ ಧಗ್ಗನೆ ಹತ್ತಿತು. ಡಬ್ಬ ಒಳಗೆ ಸುಟ್ಟು ಕರೆಂಟು ತಗಡಿಗೆ ಸೋರುತ್ತಿದೆ, ಮನೆಗೆ ಅರ್ತಿಂಗೇ ಇಲ್ಲ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಯನ್ನು ವೈರಿಂಗ್ ಮಾಡಿದ ಪುಣ್ಯಾತ್ಮ ಎಳೆದೇ ಇರಲಿಲ್ಲ.

"ಇದನ್ನ ಮುಟ್ಟಿಲ್ಲ ತಾನೆ? ಕರೆಂಟ್ ಹೊಡೀತೈತೆ ಉಡಚಮ್ಮ!"

"ದಿನಾ ಮುಟ್ತೀನಿ," ಎಂದಳು ಉಡಚಮ್ಮ. "ಸಂಜೆ ಕೈಕಾಲು ತೊಳ್ಕಂಡು, ದೀಪ ಹಚ್ಚಿ, ಇದನ್ನ ಹಾಕಿ ಮ್ಯಾಲೆ ಕೈಯಿಡ್ತೀನಿ. ಅವಳು ಬರ್ತಾಳೆ."

ವಿಜಯಶ್ರೀ ಸ್ವಿಚ್ ಆರಿಸಿದಳು.

"ಊಟಕ್ಕೆ ಕರಿಯಾಕೆ ಬಂದ್ರೆ ಆಟದಿಂದ ಕಣ್ಣು ತೆಗೀತಿರ್ಲಿಲ್ಲ ಅವಳು. ಕೈ ಹಿಂದಕ್ಕೆ ಚಾಚಿ ನನ್ನ ಅಂಗೈಯಾಗೆ ಉಗುರಿನಿಂದ ಎರಡು ಸಲ ಗೀರೋಳು. ಎರಡು ನಿಮಿಷ ತಡಿ ಅಂತ. ಈಗ್ಲೂ ಹಂಗೇ ಗೀರ್ತಾಳೆ. ನೀನು ಕರೆಂಟು ಅಂತೀಯ. ನಾನೂ ಬೋರಿನ ಮೋಟ್ರು ಮುಟ್ಟಿ ಹೊಡಿಸ್ಕಂಡೋಳೇ, ಕರೆಂಟು ಅಂತ ಗೊತ್ತಾಗಾಕಿಲ್ವ ನಂಗೆ? ಗೊತ್ತೈತೆ. ಆದ್ರೆ ಅವಳು ಬರಾಕೆ ಇನ್ಯಾವ ದಾರಿ ಐತೆ ಹೇಳು."

ಒದ್ದೆ ಕೈ! ಏಳು ತಿಂಗಳಿಂದ ದಿನವೂ ಒದ್ದೆ ಕೈ! ಈ ತಾಯಿ ಬದುಕಿರುವುದೇ ದೊಡ್ಡದು ಎನ್ನಿಸಿತು ವಿಜಯಶ್ರೀಗೆ. ಹಳೆಯ ಡಬ್ಬ ಬಿಚ್ಚಿದಳು. ಒಳಗೆ ಕಂದು ಕಲೆ, ಸುಟ್ಟ ವಾಸನೆ. ಹೊಸದನ್ನು ಕೂರಿಸಿ, ಸ್ವಿಚ್ ಹಾಕಿ, ಹೆದರುತ್ತ ಮುಟ್ಟಿದಳು. ಈಗ ಚುರುಗುಟ್ಟುವುದು ತೀರಾ ಸಣ್ಣಗಾಗಿತ್ತು, ಚರ್ಮದ ಮೇಲೆ ಇರುವೆ ಹರಿದಷ್ಟು. ಅರ್ತಿಂಗ್ ಎಳೆದರೆ ಇದೂ ನಿಲ್ಲುತ್ತದೆ, ಅದಿಲ್ಲದ ಮನೆಯಲ್ಲಿ ಒಳ್ಳೆಯ ಡಬ್ಬವೂ ಇಷ್ಟಂತೂ ಮಾಡುತ್ತದೆ. ಇದರಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ.

ಉಡಚಮ್ಮ ಕೈಯಿಟ್ಟು ಕಣ್ಣು ಮುಚ್ಚಿದಳು. ಅವಳ ಮುಖ ಅರಳಿತು.

"ಅವಳೇ. ಮೆಲ್ಲಗೆ ಮುಟ್ತಾವಳೆ. ಇಷ್ಟು ಸಾಕವ್ವ, ಇನ್ನೇನೂ ಮಾಡಬ್ಯಾಡ. ನಿನ್ನ ದಮ್ಮಯ್ಯ ಅಂತೀನಿ."

ಬಿಟ್ಟು ಬರಬಹುದಿತ್ತು. ಹೌದು, ಬಿಟ್ಟು ಬಂದಿದ್ದರೆ ಯಾರು ತಾನೆ ಕೇಳುತ್ತಿದ್ದರು? ಆದರೆ ಹೊಸ ಡಬ್ಬವೂ ಒಂದು ದಿನ ಹಳೆಯದಾಗುತ್ತದೆ, ಕೆಡುತ್ತದೆ. ಅಂದು ಅರ್ತಿಂಗ್ ಇಲ್ಲದಿದ್ದರೆ, ಈ ಹೆಂಗಸು ತೊಳೆದ ಕೈ ಒರೆಸದೆ ಬಂದು ಇದೇ ತಗಡು ಹಿಡಿಯುತ್ತಾಳೆ. 'ಇರಲಿ, ನಡೀತೈತೆ' ಎಂಬ ಮಾತು ವಿಜಯಶ್ರೀಯ ಗಂಟಲವರೆಗೆ ಬಂತು. ಎಡಗಡೆ ಯಾರೋ ನಿಂತಂತಾಯಿತು. ಹೂಂ ಅನ್ನಲಿ ಎಂದು ಕಾಯುತ್ತಿರುವಂತೆ.

ಅವಳು ಈ ಸಲ ಹೂಂ ಅನ್ನಲಿಲ್ಲ. ಅರ್ತಿಂಗ್ ಹಾಕಲು ಬಿಡದಿದ್ದರೆ ಹೊಸ ಡಬ್ಬವನ್ನೂ ಬಿಚ್ಚಿಕೊಂಡು ಹೋಗುತ್ತೇನೆ ಎಂದಳು.

"ನಿಂಗೂ ಹಠ. ಅವಳ ಹಂಗೇ," ಎಂದು ಉಡಚಮ್ಮ ಕೊನೆಗೆ ತಲೆಯಾಡಿಸಿದಳು.

ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣದ ಸರಳು, ಹಸಿರು ತಂತಿ ತಂದದ್ದಾಯಿತು. ಬಚ್ಚಲ ನೀರು ಹರಿದು ಸದಾ ಹಸಿಯಾಗಿರುವ ಜಾಗದಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು ಸರಳು ಹೂಳಿದ್ದಾಯಿತು. ಗುಂಡಿ ತೋಡುವಾಗ ಉಡಚಮ್ಮ ಬಾಗಿಲಲ್ಲೇ ನಿಂತಿದ್ದಳು. ಹತ್ತಿರ ಬರಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

ತಂತಿಯ ತುದಿಯನ್ನು ಗೋಡೆಯ ಸಾಕೆಟ್ಟಿಗೆ ಬಿಗಿಯುವ ಹೊತ್ತಿಗೆ ಬೆಳಕು ಇಳಿದಿತ್ತು. ವಿಜಯಶ್ರೀ ಮೇನ್ ಸ್ವಿಚ್ಚನ್ನೇ ಇಳಿಸಿ ಬಂದಿದ್ದಳು, ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಉಡಚಮ್ಮ ಮೊಬೈಲಿನ ಬೆಳಕು ಹಿಡಿದಿದ್ದಳು. ವಿಜಯಶ್ರೀ ಎಡಗೈಯನ್ನು ಕ್ಯಾಬಿನೆಟ್ಟಿನ ಮೇಲೆ ಊರಿ, ಮೇಜಿನ ಹಿಂದಕ್ಕೆ ಬಗ್ಗಿ, ಬಲಗೈಯಿಂದ ಸ್ಕ್ರೂ ತಿರುಗಿಸತೊಡಗಿದಳು. ಇನ್ನೊಂದೇ ಸುತ್ತು ಉಳಿದಿತ್ತು.

ಆಗ ಎಡ ಅಂಗೈಯಲ್ಲಿ ಯಾರೋ ಗೀರಿದರು.

ಒಂದು ಸಲ. ಇನ್ನೊಂದು ಸಲ.

ಕರೆಂಟಿಲ್ಲ. ಒಂದು ಹನಿ ಕರೆಂಟೂ ಇಲ್ಲ! ಡಬ್ಬದೊಳಗೆ ಉಳಿದಿದ್ದ ಕರೆಂಟು ಇರಬಹುದು ಎಂದುಕೊಂಡಳು. ಹಾಗೆ ಉಳಿದದ್ದು ತಗಡಿಗೆ ಬಂದು ಮುಟ್ಟುವುದಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಗುದ್ದಲಿ ಹಿಡಿದು ಕೈ ಜೋಮು ಹಿಡಿದಿರಬಹುದು ಎಂದುಕೊಂಡಳು. ಗುದ್ದಲಿಗೆ ಹೆಚ್ಚು ಭಾರ ಕೊಟ್ಟಿದ್ದದ್ದು ಬಲಗೈ.

ಎರಡು ನಿಮಿಷ ಎಂದು ಕೇಳುತ್ತಿದ್ದಾಳೆ. ಎರಡೇ ನಿಮಿಷ.

"ಯಾಕೆ ನಿಂತೆ?" ಎಂದಳು ಹಿಂದಿನಿಂದ ಉಡಚಮ್ಮ.

ವಿಜಯಶ್ರೀ ತಿರುಗಲಿಲ್ಲ. ಹೇಳಿದ್ದರೆ ಈ ತಾಯಿ ತಂತಿ ಕಿತ್ತೆಸೆಯುತ್ತಿದ್ದಳು, ನಾಳೆಯೂ ಒದ್ದೆ ಕೈಯಲ್ಲಿ ಬಂದು ನಿಲ್ಲುತ್ತಿದ್ದಳು. "ಏನಿಲ್ಲ," ಎಂದು ಹಲ್ಲು ಕಚ್ಚಿ ಆ ಕೊನೆಯ ಸುತ್ತು ತಿರುಗಿಸಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಅಂಗೈಯಲ್ಲಿ ತಗಡಿನ ತಂಪು ಬಿಟ್ಟು ಬೇರೇನೂ ಉಳಿಯಲಿಲ್ಲ.

ಮೇನ್ ಸ್ವಿಚ್ ಎತ್ತಿದಳು. ಕಂಪ್ಯೂಟರ್ ಸದ್ದಿಲ್ಲದೆ ಹೊತ್ತಿಕೊಂಡಿತು. ಟೆಸ್ಟರ್ ಹಿಡಿದರೆ ದೀಪ ಹತ್ತಲಿಲ್ಲ. ಎಷ್ಟು ಹೊತ್ತಾದರೂ ಆರದೆ ಓಡುವಂಥ, ಎಲ್ಲಿ ಮುಟ್ಟಿದರೂ ಏನೂ ಆಗದಂಥ ಒಳ್ಳೆಯ ಸೆಟ್ಟು.

ಉಡಚಮ್ಮ ಕೈಕಾಲು ತೊಳೆದು, ದೀಪ ಹಚ್ಚಿ ಬಂದು ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟಳು. ಕಣ್ಣು ಮುಚ್ಚಿದಳು. ಕೈಯನ್ನು ಸ್ವಲ್ಪ ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು. ಇನ್ನೊಂದು ಕೈಯನ್ನೂ ಇಟ್ಟಳು. ಪರದೆಯಲ್ಲಿ ಅರ್ಪಿತಾಳ ಆಟ ಒಬ್ಬರೂ ಆಡದೆ ಕಾಯುತ್ತಿತ್ತು. ಹತ್ತು ನಿಮಿಷವಾಯಿತು, ಹದಿನೈದಾಯಿತು. ವಿಜಯಶ್ರೀ ಗೋಡೆಗೆ ಒರಗಿ ನಿಂತೇ ಇದ್ದಳು.

"ಹೋದ್ಲು," ಎಂದಳು ಉಡಚಮ್ಮ.

ಅಳಲಿಲ್ಲ, ಬೈಯಲಿಲ್ಲ. ಕೋಣೆ ದಾಟಿ ಬಚ್ಚಲಿಗೆ ಹೋದಳು. ಬಾಗಿಲು ಹಾಕಿಕೊಳ್ಳದೆ, ಉಟ್ಟ ಸೀರೆಯಲ್ಲೇ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ಒಂದು ತಂಬಿಗೆ, ಎರಡು ತಂಬಿಗೆ, ಮತ್ತೆ ಮತ್ತೆ. ನೀರು ಹೊರಗೆ ಹರಿದು ಹೊಸ ಗುಂಡಿಯ ಮೇಲೆ ಇಳಿಯುವ ಸದ್ದು ಕೋಣೆಯವರೆಗೂ ಕೇಳಿಸಿತು.

ಆಮೇಲೆ ತೊಟ್ಟಿಕ್ಕುವ ಸೀರೆಯಲ್ಲೇ ಬಂದು ಖಾಲಿ ತಂಬಿಗೆಯನ್ನು ವಿಜಯಶ್ರೀಯ ಕೈಗಿಟ್ಟಳು.

"ನೀನೂ ತಲೆ ಮ್ಯಾಲೆ ನೀರು ಹಾಕ್ಕಂಡು ಹೋಗವ್ವ," ಎಂದಳು. "ಸತ್ತ ಮನೆಯಿಂದ ಹಂಗೇ ಹೋಗಬಾರ್ದು."