ಏರಿನಲ್ಲಿ ನಿಲ್ಲುವ ಗಾಡಿ

ಬಾತ್ಕೆನ್ ಕಡೆ ಜರ್ದಾಲು ಹಣ್ಣಾಗುವ ತಿಂಗಳು. ನಾನು ಎರ್ಗೆಶನ ಕಣದಲ್ಲಿ ಕೂಲಿಗೆ ಹಣ್ಣಿನ ಬೀಜ ತೆಗೆದು ಒಣಹಾಕುತ್ತಿದ್ದೆ. ತೋಟದಿಂದ ಹಣ್ಣು ತರುತ್ತಿದ್ದವಳು ಅವನ ತಮ್ಮನ ಹೆಂಡತಿ ಜಿಪಾರ್. ಅವಳ ಗಂಡ ಮಕ್ಸಾತ್ ಮಾಸ್ಕೋದಲ್ಲಿ ಕಟ್ಟಡದ ಕೆಲಸಕ್ಕಿದ್ದ.

ಹಣ್ಣು ಸಾಗಿಸಲೆಂದೇ ಎರ್ಗೆಶ್ ಆ ವರ್ಷ ಸಣ್ಣದೊಂದು ಗಾಡಿ ತಂದಿದ್ದ. ಜಿಪಾರಳೇ ಅದನ್ನು ಹೊಡೆಯುತ್ತಿದ್ದಳು. ಅದರ ಇಂಜಿನ್ ದಿನಾ ಒಂದೇ ಕಡೆ ಆಫ್ ಆಗುತ್ತಿತ್ತು: ಮಮಾಸಾಲಿ ಅನ್ನುವವನ ಮನೆಯ ಗೇಟಿನ ಮುಂದಿನ ಏರಿನಲ್ಲಿ. ಕಾದ ಇಂಜಿನ್ ಮತ್ತೆ ಸ್ಟಾರ್ಟ್ ಆಗಲು ಹತ್ತು ನಿಮಿಷವಾದರೂ ಬೇಕು. ಮಮಾಸಾಲಿಗೆ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

ಎರ್ಗೆಶ್ ಕಿವಿಗೊಟ್ಟು ನಿಲ್ಲುತ್ತಿದ್ದ. "ಕೇಳಿಸ್ತಾ ಅಕ್ಕ? ನಿಲ್ಲಿಸಿದ್ಲು."

"ನಿಂತಿರಬೇಕು," ಅಂದೆ.

"ತಾನಾಗೇ ನಿಲ್ಲೋಕೆ ಅದೇನು ಕತ್ತೆನಾ?"

ಒಂದು ದಿನ ತಾನೇ ಹೊಡೆದು ನೋಡಿದ. ಮೂರು ಸಲ ಏರು ಹತ್ತಿದರೂ ಗಾಡಿ ನಿಲ್ಲಲಿಲ್ಲ. ಬಂದವನೇ ಜಿಪಾರಳ ಮುಂದೆ ಕೀ ಎಸೆದ. "ನಾನು ಹೊಡೆದ್ರೆ ನಿಲ್ಲಲ್ಲ. ನೀನು ಹೊಡೆದ್ರೆ ಮಾತ್ರ ಅವನ ಗೇಟೇ ಬೇಕಾ ಇದಕ್ಕೆ?"

ಅವಳು ಕೀ ಎತ್ತಿಕೊಂಡಳು. "ಪಕ್ಕದಲ್ಲಿ ಕೂತ್ಕೊಳ್ಳಿ ಭಾವ. ಅಕ್ಕ, ನೀನೂ ಹಿಂದೆ ಹತ್ತು."

ಏರಿನಲ್ಲಿ ಇಂಜಿನ್ ಸದ್ದಡಗಿತು. ಎರ್ಗೆಶ್ ಥಟ್ಟನೆ ಕೀ ನೋಡಿದ. ಅದು ಆನ್ ಆಗಿಯೇ ಇತ್ತು. ಅವಳ ಕಾಲೂ ಪೆಡಲ್ ಮೇಲೇ ಇತ್ತು. ಕುಳ್ಳಿಯಾದ ಅವಳು ಏರಿಗೆ ಪೆಡಲ್ ಪೂರ್ತಿ ತುಳಿಯಲು ಸೀಟಿನ ತುದಿಗೆ ಸರಿದು, ಹೆಚ್ಚುಕಡಿಮೆ ನಿಂತೇಬಿಟ್ಟಿದ್ದಳು. ಅದನ್ನು ಕಂಡ ನಾನು ಅವಳನ್ನು ಇಳಿಸಿ ಸೀಟೆತ್ತಿದೆ. ಕೆಳಗೊಂದು ಸ್ವಿಚ್ಚಿನ ಗುಂಡಿ ಇತ್ತು. ಮೇಲೆ ಭಾರವಿದ್ದರೆ ಮಾತ್ರ ಇಂಜಿನ್ ಓಡಬೇಕು, ಹೊಡೆಯುವವರು ಬಿದ್ದರೆ ಗಾಡಿ ನಿಲ್ಲಬೇಕು ಅಂತ ಮಾಡಿದ್ದು. ಇಂಜಿನ್ ತಣಿದ ಮೇಲೆ ಜಿಪಾರ್ ಗಾಡಿಯಲ್ಲಿದ್ದ ಒಂದು ಬುಟ್ಟಿ ಹಣ್ಣನ್ನು ತನ್ನ ಬೆನ್ನಹಿಂದೆ ಸೀಟಿನ ಮೇಲಿಟ್ಟು ಹೊಡೆದಳು. ಗಾಡಿ ನಿಲ್ಲದೆ ಏರು ಹತ್ತಿತು.

ಎರ್ಗೆಶ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾರಿದವನು ಹೇಳ್ಬೇಕಿತ್ತು."

"ಎರಡು ವಾರದಿಂದ ನಿಮ್ಮ ತಮ್ಮ ನನ್ನ ಫೋನ್ ಎತ್ತುತ್ತಿಲ್ಲ ಭಾವ," ಅಂದಳು ಜಿಪಾರ್. "ನೀವೇನು ಹೇಳಿದ್ರಿ ಅವರಿಗೆ?"

ಎರ್ಗೆಶ್ ಟೋಪಿ ಮತ್ತೆ ಹಾಕಿಕೊಂಡ. ಅವಳು ಅಲ್ಲೇ ನಿಂತು ಅವನಿಂದ ಫೋನ್ ಮಾಡಿಸಿದಳು. "ತಮ್ಮಾ, ಅದು... ಗಾಡಿ ಕೆಟ್ಟಿತ್ತು ಕಣೋ," ಅಂದ ಎರ್ಗೆಶ್.

ಜಿಪಾರ್ ಫೋನ್ ಕಿತ್ತುಕೊಂಡಳು. "ಗಾಡಿ ಸರಿಯಾಗೇ ಇತ್ತು. ನಿಮ್ಮಣ್ಣನ ತಲೆ ಕೆಟ್ಟಿತ್ತು. ನೀವೂ ನಂಬಿದ್ರಲ್ಲ!" ಅಂದು ಫೋನ್ ಕಟ್ ಮಾಡಿದಳು.

ಮಕ್ಸಾತ್ ಆಮೇಲೆ ದಿನಾ ಫೋನ್ ಮಾಡಿದ. ಮೂರು ದಿನ ಅವಳು ಎತ್ತಲಿಲ್ಲ.