ಎರಡೂರಿನ ಮೇಜು

ಆ ಕೋಣೆ ಬೇಕೋ ಬೇಡವೋ ಎಂದು ವರದಿ ಬರೆಯುವ ಕೆಲಸ ದಂಡಪಾಣಿಯ ಪಾಲಿಗೆ ಬಂದಿತ್ತು.

ಕೊಯಮತ್ತೂರಿನ ಕಚೇರಿಯ ಎರಡನೆಯ ಮಹಡಿಯಲ್ಲಿ ಗೋಡೆಯುದ್ದಕ್ಕೂ ಮೂರು ಪರದೆ ಕೂರಿಸಿ, ಅವಕ್ಕೆ ಒತ್ತಿದಂತೆ ಅರ್ಧ ಮೇಜು ಹಾಕಿದ್ದರು. ಇನ್ನರ್ಧ ರಾಜಸ್ಥಾನದ ಭೀಲ್ವಾಡಾ ಶಾಖೆಯಲ್ಲಿತ್ತು. ಅಲ್ಲೂ ಅದೇ ಕುರ್ಚಿ, ಗೋಡೆಗೆ ಅದೇ ಬೂದುಬಣ್ಣ. ಗುಂಡಿ ಒತ್ತಿದರೆ ಎರಡೂ ಕೂಡಿ ಒಂದೇ ಮೇಜಾಗುತ್ತಿತ್ತು. ಎರಡು ಸಾವಿರ ಕಿಲೋಮೀಟರ್ ಆಚೆ ಇದ್ದವರು ಎದುರು ಕುರ್ಚಿಯಲ್ಲಿ ನಿಜದಷ್ಟೇ ದೊಡ್ಡದಾಗಿ ಕಾಣುತ್ತಿದ್ದರು. ಕೆಮ್ಮಿದರೆ ಕೆಮ್ಮು ಅವರ ಬಾಯಿಂದಲೇ ಬಂದಂತೆ ಕೇಳುತ್ತಿತ್ತು.

ದಂಡಪಾಣಿ ನೂಲಿನ ಯಂತ್ರ ಮಾಡುವ ಆ ಕಂಪನಿಯ ಸರ್ವೀಸ್ ವಿಭಾಗದ ಮುಖ್ಯಸ್ಥ. ಇಪ್ಪತ್ತಾರು ವರ್ಷದಿಂದ ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿ, ಹದಿನೈದು ದಿನ ಮಿಲ್ಲಿನ ಊರುಗಳಲ್ಲಿ. ಹೆಂಡತಿ ಮರಗದಂ ಬಸಿರು ಕಳೆದುಕೊಂಡಾಗ ಅವನು ಇಂದೋರಿನಲ್ಲಿದ್ದ. ಅವಳ ಅಪ್ಪ ತೀರಿಕೊಂಡಾಗ ಲುಧಿಯಾನದಲ್ಲಿದ್ದ. ಮತ್ತೆ ಮಕ್ಕಳಾಗಲಿಲ್ಲ.

“ಅಣ್ಣಾ, ನಮ್ಮಲ್ಲಿ ನಿಮ್ಮಷ್ಟು ಊರು ಸುತ್ತಿದವರು ಯಾರೂ ಇಲ್ಲ,” ಎಂದಿದ್ದ ಕಂಪನಿಯ ಚಿಕ್ಕ ಯಜಮಾನ ಇಳಂಪರಿತಿ. “ಮೂರು ತಿಂಗಳು ಈ ಕೋಣೇಲಿ ಕೂತು ಕೆಲಸ ಮಾಡಿ ನೋಡಿ. ಇನ್ನು ಊರೂರಿಗೆ ಹೋಗೋದು ಬೇಕಾಗಿಲ್ಲ ಅನ್ನಿಸಿದ್ರೆ ಹಾಗೇ ಬರೀರಿ, ಬೇಕೇ ಬೇಕು ಅನ್ನಿಸಿದ್ರೆ ಹಾಗೇ ಬರೀರಿ. ನಿಮ್ಮ ಮಾತೇ ಕೊನೆ.”

ಆ ತಿಂಗಳೇ ಮರಗದಮ್ಮಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶನಿವಾರ ಡಯಾಲಿಸಿಸ್. ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿದ್ದರಿಂದ ಬೆಳಿಗ್ಗೆಯೇ ಒಂದು ಚೊಂಬಿಗೆ ಅಳೆದು ಇಟ್ಟುಬಿಡುತ್ತಿದ್ದಳು.

“ಏನೂಂದ್ರೆ, ನನಗೋಸ್ಕರ ಸುಳ್ಳು ಬರೀಬೇಡಿ,” ಎಂದಳು ಒಂದು ಸಂಜೆ.

“ಸುಳ್ಳೇನಿಲ್ಲ ಮರಗದಂ. ಎಲ್ಲಾ ಚೆನ್ನಾಗೇ ಕಾಣುತ್ತೆ. ಭೀಲ್ವಾಡಾದಲ್ಲಿ ಕೂತ ಕಾಬ್ರಾಜೀ ಮೀಸೇಲಿ ಕರೀ ಕೂದಲು ಎಷ್ಟು ಉಳಿದಿದೆ ಅಂತ ಎಣಿಸಬಹುದು.”

“ಎಣಿಸಿದ್ರಾ?”

“ಹನ್ನೊಂದು.”

ಮರಗದಂ ನಕ್ಕಳು. ನಗುತ್ತಲೇ ಕಾಲು ನೀಡಿದಳು. ಊದಿದ ಪಾದವನ್ನು ಅವನು ತೊಡೆಯ ಮೇಲಿಟ್ಟುಕೊಂಡು ನೀವಿದ.

ಭಂವರ್‌ಲಾಲ್ ಕಾಬ್ರಾ ಭೀಲ್ವಾಡಾ ಶಾಖೆಯ ಮುಖ್ಯಸ್ಥ. ಮದುವೆಯಾಗದವನು. ವಿಧವೆ ಅಕ್ಕ ಜಮನಾಳ ಜೊತೆ ಹಳೇ ಪೇಟೆಯ ಮನೆಯಲ್ಲಿದ್ದ. ದಂಡಪಾಣಿ ಆ ಊರಿಗೆ ಹೋದರೆ ಹೋಟೆಲಿನ ಮಾತೇ ಇರಲಿಲ್ಲ, ಸೀದಾ ಅವರ ಮನೆಗೇ. ಜಮನಾ ಕೆಂಡದಲ್ಲಿ ಸುಟ್ಟ ಗೋದಿಯುಂಡೆ, ಬಿಸಿ ಬಾಟಿಯನ್ನು ತುಪ್ಪದಲ್ಲಿ ಮುಳುಗಿಸಿ ತಟ್ಟೆಗೆ ಹಾಕುವಳು. “ಇನ್ನೊಂದು ಹಾಕು ಜೀಜಿ, ಈ ಮದರಾಸಿ ನಾಚಿಕೊಳ್ತಾನೆ,” ಎಂದು ಕಾಬ್ರಾ ರೇಗಿಸುವನು. ಅವನೂ ಕೊಯಮತ್ತೂರಿಗೆ ಬಂದಾಗಲೆಲ್ಲ ಮರಗದಮ್ಮಳ ಕೈಯ ಅಕ್ಕಿ-ಬೇಳೆ ಅನ್ನ ಉಂಡವನೇ.

ಮೂರು ತಿಂಗಳಾದ ಮೇಲೆ ದಂಡಪಾಣಿ ವರದಿ ಬರೆದ. ನಲವತ್ತು ಪುಟ. ಕೊನೆಯ ಸಾಲು: ‘ಈ ವ್ಯವಸ್ಥೆಯಿಂದ ಪ್ರಯಾಣವನ್ನು ಪೂರ್ತಿ ನಿಲ್ಲಿಸಬಹುದು.’ ಕೆಳಗೆ ಸಹಿ. ಭೀಲ್ವಾಡಾದಿಂದ ಕಾಬ್ರಾನ ಅಭಿಪ್ರಾಯವೂ ಬಂದಿತ್ತು. ಅವನೂ ಹೌದೆಂದೇ ಬರೆದಿದ್ದ. ಇಬ್ಬರು ಹಳಬರ ಮಾತು ಒಂದೇ ಆದದ್ದು ನೋಡಿ ಇಳಂಪರಿತಿಗೆ ಖುಷಿಯಾಯಿತು.

ಮುಂದೆ ಹನ್ನೊಂದು ತಿಂಗಳು ದಂಡಪಾಣಿ ಊರು ಬಿಟ್ಟು ಕದಲಲಿಲ್ಲ. ಆಸ್ಪತ್ರೆಗೆ ಅವಳನ್ನು ತಾನೇ ಕರೆದೊಯ್ದ, ನಾಲ್ಕು ಗಂಟೆ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳಿದ, ಅಡಿಗೆ ಕಲಿತ. “ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ಮನೆಗೆ ಬಂದ್ರು,” ಎಂದು ಮರಗದಂ ನೆರೆಯವಳಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು. ತಮಿಳರ ಆಡಿ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ. ಪಕ್ಕದಲ್ಲಿ ಒರಗಿದ್ದ ಅವಳು “ನಾರು ಸರಿಯಾಗಿ ತೆಗೀರಿ,” ಎಂದಳು. ನಾರು ತೆಗೆದು ತೋರಿಸಲು ತಿರುಗುವಷ್ಟರಲ್ಲಿ ಅವಳು ಇರಲಿಲ್ಲ.

ಹದಿನಾರನೆಯ ದಿನದ ಕರ್ಮಕ್ಕೆ ಕಾಬ್ರಾ ಬಂದೇ ಬರುತ್ತಾನೆಂದು ದಂಡಪಾಣಿ ಬಾಗಿಲ ಕಡೆ ನೋಡುತ್ತಲೇ ಇದ್ದ. ಕಾಬ್ರಾ ಬರಲಿಲ್ಲ. “ಬರಬೇಕಿತ್ತು ದಂಡಪಾಣಿಜೀ, ಆಗಲಿಲ್ಲ,” ಎಂದು ಫೋನಿನಲ್ಲಿ ಹೇಳಿದ, ಅಷ್ಟೇ. ದಂಡಪಾಣಿ ಮತ್ತೆ ಕೆಲಸಕ್ಕೆ ಹೋದ ದಿನ ಆ ಕೋಣೆಯಲ್ಲಿ ಎರಡೂ ಊರಿನವರು ಒಂದು ನಿಮಿಷ ಎದ್ದು ನಿಂತರು. ಕಾಬ್ರಾನ ಕೆನ್ನೆಯ ಮೇಲೆ ನೀರಿಳಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರೂ ಕೂತರು. ಇಳಂಪರಿತಿ ಆ ವಾರದ ದೂರುಗಳ ಪಟ್ಟಿ ತೆಗೆದ. ಅತ್ತು ಏನು ಬಂತು, ಬರಲಿಲ್ಲವಲ್ಲ ಎಂಬ ಕಹಿ ದಂಡಪಾಣಿಯ ಮನಸ್ಸಿನಲ್ಲಿ ಉಳಿಯಿತು.

ಎರಡು ತಿಂಗಳು ಕಳೆದ ಮೇಲೆ ಅವನಿಗೆ ಏನೋ ಸರಿಯಿಲ್ಲ ಎನ್ನಿಸತೊಡಗಿತು. ಭೀಲ್ವಾಡಾದ ಗುಮಾಸ್ತೆ ಕಾಬ್ರಾನ ಎಡಗೈ ಪಕ್ಕದಲ್ಲೇ ಫೈಲು ಇಟ್ಟಿದ್ದಳು. ಅವನು ನೆಟ್ಟಗೆ ನೋಡುತ್ತ, “ಎಲ್ಲಿದೆಯಮ್ಮಾ ಫೈಲು?” ಎಂದು ಕೇಳಿದ. ಅವಳು ಅದನ್ನು ಎದುರಿಗೆ ಸರಿಸಿದಳು. ಮುಂದಿನ ವಾರ ಪಕ್ಕದಲ್ಲಿದ್ದ ಚಹಾದ ಲೋಟಕ್ಕೆ ಅವನ ಮೊಣಕೈ ತಾಗಿ ಚಹಾ ಚೆಲ್ಲಿತು.

“ಕಾಬ್ರಾಜೀ, ಮೈ ಹುಷಾರಾಗಿದೆಯಾ?” ಎಂದು ದಂಡಪಾಣಿ ಕೇಳಿಯೇಬಿಟ್ಟ.

“ವಯಸ್ಸು, ದಂಡಪಾಣಿಜೀ! ನೀವೇನು ಹದಿನೆಂಟರ ಹುಡುಗನಾ?” ಎರಡೂ ಕಡೆಯ ಎಂಟು ಜನ ನಕ್ಕರು. ಎಂಟು ಜನರ ಮುಂದೆ ಇನ್ನೇನು ಕೇಳುವುದು?

ಅವನು ಇಳಂಪರಿತಿಯ ಬಳಿ ಹೋದ. “ತಂಬಿ, ಒಂದು ಸಲ ಭೀಲ್ವಾಡಾಕ್ಕೆ ಹೋಗಿ ಬರ್ತೀನಿ.”

“ಏನು ಕೆಲಸಕ್ಕೆ ಅಂತ ಬರೀಲಿ ಅಣ್ಣಾ?”

“ಕಾಬ್ರಾಜೀನ ನೋಡಬೇಕು.”

“ನಾಳೆ ಹತ್ತೂವರೆಗೆ ನೋಡ್ತೀರಲ್ಲ!” ಎಂದು ಅವನು ನಕ್ಕ. ಆಮೇಲೆ ಮೆತ್ತಗೆ, “ನೀವೇ ಹೀಗೆ ಕೇಳಿದ್ರೆ ಬೇರೆಯವರಿಗೆ ಹೇಗೆ ಇಲ್ಲ ಅನ್ನಲಿ? ನಿಮ್ಮ ವರದಿ ತೋರಿಸಿಯೇ ಎಲ್ಲರ ಪ್ರಯಾಣ ನಿಲ್ಲಿಸಿದ್ದೀನಿ,” ಎಂದ.

ರಜೆ ಹಾಕಿ ಸ್ವಂತ ಟಿಕೆಟ್ಟಿನಲ್ಲಿ ಹೋಗಬಹುದಿತ್ತು. ರಜೆ ಬೇಕಾದಷ್ಟಿತ್ತು. ಮನೆಯಲ್ಲಿ ಕಾಯುವವರೂ ಇರಲಿಲ್ಲ. ಆದರೆ ಹೊರಡಬೇಕೆಂದುಕೊಂಡಾಗಲೆಲ್ಲ ಆ ಕಹಿ ಮೇಲೆ ಬರುತ್ತಿತ್ತು. ಅವಳ ಕರ್ಮಕ್ಕೇ ಬಾರದವನ ಮನೆಗೆ ನಾನಾಗಿ ಯಾಕೆ ಹೋಗಲಿ? ದೀಪಾವಳಿ ಕಳೆಯಲಿ, ನೋಡೋಣ ಎಂದು ಸುಮ್ಮನಾದ.

ದೀಪಾವಳಿಗೆ ಇನ್ನೂ ನಾಲ್ಕು ದಿನವಿತ್ತು. ಮಧ್ಯಾಹ್ನ ಜಮನಾಳ ಫೋನು ಬಂತು. ಆ ಹೆಂಗಸು ಅದುವರೆಗೆ ಒಮ್ಮೆಯೂ ಅವನಿಗೆ ಫೋನು ಮಾಡಿದವಳಲ್ಲ.

“ಮಿಲ್ಲಿನಲ್ಲಿ ತಮ್ಮನಿಗೆ ಹತ್ತಿಯ ಮೂಟೆ ಹೊರೋ ಗಾಡಿ ಗುದ್ದಿತು ಭಯ್ಯಾ. ಎಡಗಡೆಯಿಂದ ಬಂತಂತೆ. ಎಲ್ಲರೂ ಕೂಗಿದ್ರಂತೆ, ಯಂತ್ರದ ಗದ್ದಲದಲ್ಲಿ ಇವನಿಗೆ ಕೇಳಲಿಲ್ಲ. ಕಾಲು ತೆಗೆದುಬಿಟ್ರು. ನೀವು ಒಂದೂವರೆ ವರ್ಷದಿಂದ ನಮ್ಮನೆಗೆ ಬರಲೇ ಇಲ್ಲ.”

ಅವನು ಯಾರನ್ನೂ ಕೇಳಲಿಲ್ಲ. ವಿಮಾನ ಹಿಡಿದು ಮಾರನೆಯ ಮಧ್ಯಾಹ್ನ ಭೀಲ್ವಾಡಾದ ಆಸ್ಪತ್ರೆಯ ವಾರ್ಡಿನಲ್ಲಿದ್ದ.

ಕಾಬ್ರಾ ಎಚ್ಚರವಾಗಿಯೇ ಇದ್ದ. ದಂಡಪಾಣಿ ಹೋಗಿ ಮಂಚದ ಎಡಕ್ಕಿದ್ದ ಸ್ಟೂಲಿನ ಮೇಲೆ ಕೂತ. ಕಾಬ್ರಾ ಛಾವಣಿ ನೋಡುತ್ತಲೇ ಮಲಗಿದ್ದ. ಒಂದು ಮೊಳ ದೂರದಲ್ಲಿ ಕೂತ ಗೆಳೆಯನ ಕಡೆ ತಿರುಗಲಿಲ್ಲ. ದಂಡಪಾಣಿಗೆ ಆಗ ಅರ್ಥವಾಯಿತು.

“ಕಾಬ್ರಾಜೀ.”

“ಅರೆ! ಯಾರು, ದಂಡಪಾಣಿಜೀನಾ? ಎದುರಿಗೆ ಬನ್ನಿ, ಎದುರಿಗೆ ಬನ್ನಿ. ಈಗ ಎದುರಿನದು ಮಾತ್ರ ಕಾಣೋದು. ಕೊಳವೇಲಿ ಕಣ್ಣಿಟ್ಟು ನೋಡಿದ ಹಾಗೆ.”

“ಎಷ್ಟು ದಿನದಿಂದ?”

“ಎರಡು ವರ್ಷ ಆಗ್ತಾ ಬಂತು. ಕಣ್ಣಿನ ಒತ್ತಡವಂತೆ. ಹೋದದ್ದು ಬರಲ್ಲ, ಉಳಿದದ್ದೂ ಹೋಗುತ್ತೆ ಅಂದ್ರು. ನನ್ನನ್ನೂ ಕೇಳಿದ್ರಲ್ಲ, ಆ ಕೋಣೆ ಸಾಕಾ ಅಂತ? ಆ ಕೋಣೇಲಿ ಎಲ್ಲರೂ ಎದುರಿಗೇ ಕೂರ್ತಿದ್ರು. ನನಗಿಂತ ಚೆನ್ನಾಗಿ ಯಾರಿಗೂ ಕಾಣ್ತಿರಲಿಲ್ಲ! ಸಾಕು ಅಂತಲೇ ಬರೆದೆ. ನೀವು ಬಂದಿದ್ರೆ ನಮ್ಮನೆ ಮೆಟ್ಟಿಲ ಹತ್ತಿರಾನೇ ನನ್ನ ಗುಟ್ಟು ಹಿಡಿದುಬಿಡ್ತಿದ್ರಿ. ಮಿಲ್ಲಿಗೆ ಕಾಲಿಡೋಕೂ ಬಿಡ್ತಿರಲಿಲ್ಲ.”

“ಬಿಡ್ತಿರಲಿಲ್ಲ,” ಎಂದ ದಂಡಪಾಣಿ. “ಕಾಲಾದ್ರೂ ಉಳೀತಿತ್ತು.”

ಜಮನಾ ಸೆರಗನ್ನು ಬಾಯಿಗೊತ್ತಿಕೊಂಡು ಆಚೆ ಹೋದಳು.

“ಹದಿನಾರನೇ ದಿನಕ್ಕೆ ಬರೋಕೆ ಟಿಕೆಟ್ ಮಾಡಿಸಿದ್ದೆ,” ಎಂದ ಕಾಬ್ರಾ. “ಜೀಜಿಗೂ ಹೇಳದೆ ಸ್ಟೇಷನ್ನಿಗೆ ಹೋದೆ. ಜನವೋ ಜನ. ಪ್ಲಾಟ್‌ಫಾರ್ಮ್ ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗಲಿಲ್ಲ. ಹೆದರಿಕೆಯಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ರೈಲು ಬಂತು, ಹೋಯ್ತು. ಭಾಭಿ ಕೈಯಲ್ಲಿ ಅಷ್ಟು ಉಂಡವನು...”

ದಂಡಪಾಣಿ ಅವನ ಎರಡೂ ಕೈ ಹಿಡಿದುಕೊಂಡ. ಇಷ್ಟು ದಿನ ಆ ಮನುಷ್ಯನ ಮೇಲೆ ಮುನಿಸು ಇಟ್ಟುಕೊಂಡಿದ್ದನಲ್ಲ, ಅದನ್ನು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಕಾಬ್ರಾ ಕೈ ಬಿಡಿಸಿಕೊಂಡು ಅವನ ಹೆಗಲು, ಕೊರಳ ಎಲುಬು ತಡವಿ ನೋಡಿದ.

“ಎಷ್ಟು ಇಳಿದುಹೋಗಿದ್ದೀರಿ! ಆ ಪರದೇಲಿ ದುಂಡಗೆ ಕಾಣ್ತಿದ್ರಲ್ಲ. ಊಟ ಮಾಡ್ತೀರೋ ಇಲ್ಲವೋ?”

ಮರಗದಂ ಹೋದ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ದಂಡಪಾಣಿ ಅವನ ಅಂಗೈಯಲ್ಲಿ ಮುಖವಿಟ್ಟು ಅತ್ತ.

ಊರಿಗೆ ಮರಳಿ ಅವನು ಇನ್ನೊಂದು ವರದಿ ಬರೆದ, ಒಂದೇ ಪುಟದ್ದು. ತನಗೆ ಹೆಂಡತಿಯ ಕಾಯಿಲೆ ಇತ್ತು, ಕಾಬ್ರಾನಿಗೆ ಕಣ್ಣಿನ ಕಾಯಿಲೆ ಇತ್ತು, ಇಬ್ಬರೂ ಹೌದೆಂದದ್ದು ಅದಕ್ಕೆ ಎಂದು ಇದ್ದದ್ದನ್ನು ಇದ್ದಂತೆ ಬರೆದ. ಇಳಂಪರಿತಿ ಎರಡು ಸಲ ಓದಿದ. ಅವನ ಕಣ್ಣೂ ಕೆಂಪಾದವು.

“ಅಣ್ಣಾ, ಇದನ್ನ ಆಡಳಿತ ಮಂಡಳಿಗೆ ಹೇಗೆ ತೋರಿಸ್ಲಿ? ಇದರಲ್ಲಿ ಕೋಣೆಯ ತಪ್ಪು ಏನೂ ಇಲ್ಲವಲ್ಲ.”

“ಇಲ್ಲ ತಂಬಿ. ಕೋಣೆಯ ತಪ್ಪು ಅಂತ ನಾನೂ ಬರೆದಿಲ್ಲ.”

ಕೋಣೆ ಉಳಿಯಿತು. ಮರುವರ್ಷ ಇನ್ನೂ ಎರಡು ಊರಿಗೆ ಅಂಥ ಮೇಜು ಹೋಯಿತು. ಕಾಬ್ರಾನ ಚಿಕಿತ್ಸೆಯನ್ನು ಕಂಪನಿಯೇ ನೋಡಿಕೊಂಡು ಅವನನ್ನು ನಿವೃತ್ತಿ ಮಾಡಿತು. ದಂಡಪಾಣಿ ತನ್ನ ನಿವೃತ್ತಿಯವರೆಗೆ ಕಾಯದೆ ಕೆಲಸ ಬಿಟ್ಟ. ವರ್ಷಕ್ಕೆ ಎರಡು ಸಲ ರೈಲು ಹತ್ತಿ ಭೀಲ್ವಾಡಾಕ್ಕೆ ಹೋಗಿ ತಿಂಗಳಿದ್ದು ಬರುತ್ತಿದ್ದ. ಕಾಬ್ರಾನಿಗೆ ಎದುರಿನದೂ ಕಾಣದಾದ ಮೇಲೆ ಅವನ ಮೀಸೆ ಕತ್ತರಿಸುವುದು, ಬಿಸಿಲಿಗೆ ಕೂರಿಸುವುದು ದಂಡಪಾಣಿಯ ಕೆಲಸವಾಯಿತು.

ಮೂರನೆಯ ಚಳಿಗಾಲದಲ್ಲಿ ಜಮನಾಳ ಫೋನು ಬಂದಾಗ ಅವನ ರೈಲು ಆಗಲೇ ರತ್ಲಾಮ್ ದಾಟಿತ್ತು. ಕಾಬ್ರಾ ಬೆಳಿಗ್ಗೆ ಬಿಸಿಲಿಗೆ ಕೂತಲ್ಲೇ ಹೋದನಂತೆ. ಸ್ಟೇಷನ್ನಿನಿಂದ ಆಟೋ ಹಿಡಿದು ದಂಡಪಾಣಿ ಹಳೇ ಪೇಟೆಗೆ ಬಂದಾಗ ಹೆಣ ಅಂಗಳದಲ್ಲಿತ್ತು, ಜನ ಎದ್ದು ನಿಂತಿದ್ದರು.

“ಬನ್ನಿ ಭಯ್ಯಾ,” ಎಂದಳು ಜಮನಾ. “ನಿಮಗೇ ಕಾಯ್ತಿದ್ವಿ. ಮೂವರು ಹೆಗಲು ಕೊಡೋಕೆ ನಿಂತಿದ್ದಾರೆ.”

ಅವನು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಚಟ್ಟದ ಎಡಗಡೆಯ ಮುಂದಿನ ಬಿದಿರಿಗೆ ಹೆಗಲು ಕೊಟ್ಟ.