ಆರ್.ಸಿ. ಪುಸ್ತಕದ ಹೆಸರು

ದಯಾನಂದ ಮುಂದಿನ ಚಕ್ರ ಹಿಡಿದಿದ್ದ. ಅವನ ಸೋದರಮಾವ ಲಕ್ಷ್ಮೀನರಸಿಂಹಯ್ಯ ಹಿಂದಿನ ಕ್ಯಾರಿಯರ್‌ಗೆ ಕೈ ಹಾಕಿ ಜಗ್ಗಿದ. ಬೈಕು ಒಂದು ಅಡಿ ಸರಿದು ಬೇಕೆಂದೇ ಎಂಬಂತೆ ಎಡಕ್ಕೆ ತಿರುಗಿ ನಿಂತಿತು. ಹ್ಯಾಂಡಲ್ ಲಾಕ್ ಆಗಿತ್ತು.

"ಕೀ ಎಲ್ಲೋ?"

"ಅಪ್ಪನ್ ಉಡುದಾರದಲ್ಲಿ."

ಇಬ್ಬರೂ ಜಗಲಿಯ ಕಡೆ ನೋಡಿದರು. ಅಲ್ಲಿ ವೆಂಕಟರಂಗಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದ ಜಾರದಂತೆ ತಲೆಗೆ ಬಿಳಿ ಬಟ್ಟೆ ಸುತ್ತಿತ್ತು. ಹಲ್ಲುನೋವಿನವನ ಹಾಗೆ ಕಾಣುತ್ತಿದ್ದ.

"ಹೋಗ್ ಬಿಚ್ಕೊಂಡ್ ಬಾ."

"ನೀವೇ ಹೋಗಿ ಮಾವ."

"ನಾನಾ? ಬದುಕಿದ್ದಾಗ್ಲೇ ನಂಗ್ ಆ ಕೀ ಕೊಟ್ಟೋನಲ್ಲ ಭಾವ. ಈಗ ಮುಟ್ಟಿದ್ರೆ ಎದ್ದೇ ಬಂದ್ಬಿಡ್ತಾನೆ, ಬುಡು."

ಬಿದಿರು ಬಂದಾಗಿತ್ತು. ಚಟ್ಟ ಕಟ್ಟಲು ಅಂಗಳ ಖಾಲಿಯಾಗಬೇಕಿತ್ತು. ಕೊನೆಗೆ ನಾಲ್ಕು ಜನ ಸೇರಿ, ಮಲಗಿದ ಹಸುವನ್ನು ಎಬ್ಬಿಸುವ ಹಾಗೆ ಬೈಕನ್ನು ಎತ್ತಿ ಬೇಲಿಯ ಪಕ್ಕ ಇಟ್ಟರು.

ಪ್ರಮೀಳಾ ಗಂಡನ ಪಕ್ಕದಿಂದ ಎದ್ದಿರಲಿಲ್ಲ. ಅಲ್ಲಿಂದಲೇ ಮಗನನ್ನು ಕೇಳಿದಳು: "ದಯಾ, ಕುಣಿಗಲ್ಲಮ್ಮನಿಗೆ ಫೋನ್ ಮಾಡಿದ್ಯಾ?"

"ಬೆಳಿಗ್ಗೇನೇ ಮಾಡ್ದೆ. ಬಸ್ ಹತ್ತಿದೀನಿ ಅಂದ್ರು."

"ಯಾರೇ ಅದು ಕುಣಿಗಲ್ಲಮ್ಮ?" ಎಂದಳು ಕದರಮ್ಮ. ಆಕೆ ಸತ್ತವನ ಸೋದರತ್ತೆ. ಎಪ್ಪತ್ತು ದಾಟಿದ ವಿಧವೆ. ಗುಬ್ಬಿಯಲ್ಲಿ ಈ ಕುಲದ ಯಾವ ಸಾವೂ ಆಕೆಯನ್ನು ಬಿಟ್ಟು ನಡೆಯುತ್ತಿರಲಿಲ್ಲ.

"ಈ ಗಾಡಿ ಕೊಟ್ಟೋರು ಅತ್ತೆ. ಅವರ ಹತ್ರ ಒಂದು ಕೇಳೋದಿದೆ. ಇವರು ಮಣ್ಣಿಗೆ ಹೋಗೋದ್ರೊಳಗೆ ಕೇಳ್ಬೇಕು."

*

ತೊಂಬತ್ತಾರರ ಬೇಸಿಗೆ. ವೆಂಕಟರಂಗಯ್ಯ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕಿದ್ದ. ಗುಬ್ಬಿಯಿಂದ ದಿನಾ ಬಸ್ಸಿಗೆ ನೇತಾಡಿ ಸಾಕಾಗಿತ್ತು. ಕುಣಿಗಲ್ಲಿನಲ್ಲಿ ಒಂದು ಹಳೇ ಎಜ್ಡಿ ಬೈಕು ಇದೆಯಂತೆ ಎಂದು ಯಾರೋ ಹೇಳಿದರು. ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಹೋದ.

ಹೊಲಿಗೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಗೋಣಿಚೀಲಗಳ ಕೆಳಗೆ ಬೈಕು ಎಂಟು ವರ್ಷದಿಂದ ನಿಂತಿತ್ತು. ಸೀಟನ್ನು ಇಲಿ ತಿಂದಿದ್ದವು. ಹೆಡ್‌ಲೈಟಿನ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ವೆಂಕಟರಂಗಯ್ಯ ಕಿಕ್ಕರ್ ಮೇಲೆ ಹತ್ತಿ ತನ್ನ ಇಡೀ ಭಾರ ಬಿಟ್ಟು ನಿಂತ. ಅದು ಇಳಿಯಲಿಲ್ಲ.

"ಪಿಸ್ಟನ್ ಕಚ್ಕೊಂಡಿದೆ," ಎಂದ. ಮಗು ಹುಟ್ಟಿದ ಸುದ್ದಿ ಹೇಳುವವನ ದನಿಯಿತ್ತು.

ಅಂಗಡಿಯ ಸ್ವರ್ಣಲತಾ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನಿಂತಿದ್ದಳು. "ಒಂದೇ ಮಾತು. ಗಾಡಿ ಪುಸ್ತಕದಲ್ಲಿ ಹೆಸರು ಬದಲಾಯಿಸ್ಬಾರ್ದು."

ಬೈಕು ಅವಳ ಗಂಡ ಕೃಷ್ಣಕುಮಾರನದು. ಎಂಬತ್ತೆಂಟರಲ್ಲಿ ಒಂದು ದಿನ ಚಕ್ರ ಪಂಕ್ಚರ್ ಆಗಿದೆಯೆಂದು ಬಸ್ಸಿನಲ್ಲಿ ಅರಸೀಕೆರೆಗೆ ಹೋದವನು ವಾಪಸು ಬಂದಿರಲಿಲ್ಲ.

"ಅವರು ಬಂದು ಸೈನ್ ಹಾಕ್ಬೇಕಂತೆ. ಇಲ್ಲಾಂದ್ರೆ ತೀರ್ಕೊಂಡಿದಾರೆ ಅಂತ ಕೋರ್ಟಿಂದ ಕಾಗದ ತರ್ಬೇಕಂತೆ. ಏಳು ವರ್ಷ ಕಾಣ್ಲಿಲ್ಲ ಅಂದ್ರೆ ಕೊಡ್ತಾರಂತೆ. ನಾನು ಹಾಗೆ ಬರೆಸೋಳಲ್ಲ."

"ಯಾರೂ ಏನೂ ಬರೆಸೋದು ಬೇಡಮ್ಮ," ಎಂದ ವೆಂಕಟರಂಗಯ್ಯ. ಅವನ ಕಣ್ಣು ಕಾರ್ಬುರೇಟರ್ ಮೇಲಿತ್ತು. ಆ ಗಳಿಗೆಯಲ್ಲಿ ಹೆಂಡತಿಯ ಹೆಸರು ಬದಲಾಯಿಸು ಎಂದಿದ್ದರೂ ಒಪ್ಪುತ್ತಿದ್ದ ಎಂದು ಪ್ರಮೀಳಾ ಆಮೇಲೆ ಎಷ್ಟೋ ಸಲ ಹೇಳಿದ್ದಳು.

ಬೈಕು ಟೆಂಪೋದಲ್ಲಿ ಗುಬ್ಬಿಗೆ ಬಂತು. ಪ್ಲಗ್ ಬಿಚ್ಚಿ ಆ ತೂತಿಗೆ ಸೀಮೆಎಣ್ಣೆ ಸುರಿದ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ ಕಿಕ್ಕರ್ ಹತ್ತಿ ನಿಲ್ಲುವುದು, ಇಳಿಯುವುದು. ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಅದು ಒಂದು ಬೆರಳಿನಷ್ಟು ಜಾರಿತು. ವೆಂಕಟರಂಗಯ್ಯ ಆ ದಿನ ಕೆಲಸಕ್ಕೆ ಹೋಗಲಿಲ್ಲ.

ಟ್ಯಾಂಕಿನ ತುಕ್ಕು ಬಿಡಿಸಲು ಒಳಗೆ ಸಣ್ಣ ಜಲ್ಲಿ ಹಾಕಿ, ಗಂಡ ಹೆಂಡತಿ ಎರಡು ಕಡೆ ಹಿಡಿದು ಕುಲುಕಿದರು. ಬೀದಿಯ ಹೆಂಗಸರು ಬಂದು ನೋಡಿ ನಕ್ಕರು. "ಏನ್ರೇ, ತೊಟ್ಲು ತೂಗ್ತಿದೀರಾ?" ಸೀಗೆಪುಡಿಯಂಥ ನೀರು ಬಂತು. ಪ್ರಮೀಳಾಳಿಗೆ ಮದುವೆಯಾಗಿ ಹದಿನಾರು ವರ್ಷವಾಗಿತ್ತು. ಇಬ್ಬರೂ ಸೇರಿ ಒಂದು ಕೆಲಸ ಮಾಡಿದ್ದು ಅದೇ ಮೊದಲು.

ಸ್ಟಾರ್ಟ್ ಆದ ದಿನ ಸೈಲೆನ್ಸರಿನಿಂದ ಇಲಿ ಕೂಡಿಟ್ಟಿದ್ದ ರಾಗಿಹೊಟ್ಟು ಹಾರಿತು. ಅಂಗಳವೆಲ್ಲ ಹೊಗೆ. ಹೊಗೆಯೊಳಗಿಂದ ಅವನು ಕೂಗಿದ: "ಹತ್ತೇ ಪ್ರಮೀಳಾ!" ಕೆರೆ ಏರಿಯ ಮೇಲೆ ಅವಳು ಭುಜ ಹಿಡಿದು ಕೂತಳು. ಅವನು ಒಂದು ಸಲ ಹಿಂದಕ್ಕೆ ತಿರುಗಿ ನಕ್ಕ. ಮುಂದೆ ಎಷ್ಟೋ ಸಲ ಅದೇ ಏರಿಯ ಮೇಲೆ ಹೋದರು. ಆ ನಗು ಮತ್ತೆ ಬರಬಹುದೆಂದು ಅವಳು ಕಾಯುತ್ತ ಕೂತಿರುತ್ತಿದ್ದಳು.

ಆ ಮೊದಲ ದಿನ ಏರಿ ಇಳಿದು ರಸ್ತೆಗೆ ಬಂದಾಗ ಪೊಲೀಸರು ಕೈ ಅಡ್ಡ ಹಾಕಿದರು. ಕಾನ್‌ಸ್ಟೇಬಲ್ ಆರ್.ಸಿ. ಪುಸ್ತಕ ತೆರೆದ. "ಹೆಸರು?"

ವೆಂಕಟರಂಗಯ್ಯ ಗಂಟಲು ಸರಿಮಾಡಿಕೊಂಡ. "ಕೃಷ್ಣಕುಮಾರ್."

ಹಿಂದೆ ಕೂತಿದ್ದ ಪ್ರಮೀಳಾ ಭುಜದ ಮೇಲಿನ ಕೈ ತೆಗೆದಳು.

ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಗಾಡಿಯ ಪಾಸಿಗೆ ಪುಸ್ತಕದಲ್ಲಿದ್ದ ಹೆಸರನ್ನೇ ಬರೆದುಕೊಂಡರು. ಜೊತೆಯವರು ತಮಾಷೆಗೆ "ಕೃಷ್ಣಕುಮಾರಣ್ಣ" ಎಂದರು. ಹೊಸಬರಿಗೆ ಬೇರೆ ಹೆಸರು ಗೊತ್ತೇ ಆಗಲಿಲ್ಲ. ಮನೆಯಲ್ಲಿ ಪ್ರಮೀಳಾ ಸಿಡುಕಿದರೆ ಅವನು ಹೇಳುತ್ತಿದ್ದುದು ಒಂದೇ: "ಮಾತ್ ಕೊಟ್ಟಿದೀನಿ ಕಣೇ."

*

ಹನ್ನೊಂದು ಗಂಟೆಗೆ ಕಾರ್ಖಾನೆಯ ವ್ಯಾನು ಬಂತು. ನಾಲ್ಕು ಜನ ಇಳಿದು, ಚಪ್ಪಲಿ ಬಿಟ್ಟು, ದೊಡ್ಡ ಹೂವಿನ ಚಕ್ರವೊಂದನ್ನು ವೆಂಕಟರಂಗಯ್ಯನ ಮಡಿಲಿಗೆ ಒರಗಿಸಿ ಕೈಮುಗಿದರು. ನೇರಳೆ ರಿಬ್ಬನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ: ಶ್ರೀ ಕೃಷ್ಣಕುಮಾರ್ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ.

"ಇದ್ಯಾರ್ರೀ ಕೃಷ್ಣಕುಮಾರ್?" ಎಂದ ಲಕ್ಷ್ಮೀನರಸಿಂಹಯ್ಯ.

ಎಳೆಯ ಸೂಪರ್‌ವೈಸರ್ ತಬ್ಬಿಬ್ಬಾದ. "ಇವರೇ ಅಲ್ವಾ ಸಾರ್? ನಮ್ ಗೇಟಲ್ಲಿ ಹಂಗೇ ಇದೆ."

ಯಾರೋ ನಕ್ಕು, ನಗುವನ್ನು ಕೆಮ್ಮು ಮಾಡಿದರು. ಅದೇ ಹೊತ್ತಿಗೆ ಬೇಲಿಯ ಬಾಗಿಲಲ್ಲಿ ಸ್ವರ್ಣಲತಾ ನಿಂತಿದ್ದಳು. ಬಸ್ಸಿಂದ ಇಳಿದು ನಡೆದು ಬಂದ ಬೆವರು. ಅವಳ ಕಣ್ಣು ಮೊದಲು ಹೋದದ್ದು ಅಕ್ಷರಗಳ ಮೇಲೆ.

"ಎಲ್ಲಿ ಸಿಕ್ಕಿದ್ರು?" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ಜನರನ್ನು ಸರಿಸಿಕೊಂಡು ಬಂದು, ಬಗ್ಗಿ, ಹೆಣದ ಮುಖ ನೋಡಿದಳು. ನೋಡಿ, ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಬಿಟ್ಟದ್ದು ಎಲ್ಲರಿಗೂ ಕೇಳಿಸಿತೆಂದು ಗೊತ್ತಾಗಿ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪ್ರಮೀಳಾ ರಿಬ್ಬನ್ನನ್ನು ಕಿತ್ತು ಮುದುರಿ ಪಕ್ಕಕ್ಕೆಸೆದಳು.

"ನೋಡಿದ್ರಲ್ಲ ಅಕ್ಕ. ಹನ್ನೊಂದು ವರ್ಷ ಇವರು ಆ ಹೆಸರಿಗೆ ಓಗೊಟ್ರು. ಇವತ್ತು ಹೆಣದ ಮೇಲೂ ಅದೇ. ಈ ಮನೆ ನಮ್ಮಣ್ಣನ ಹೆಸರಲ್ಲಿ. ಹೊಲ ಇನ್ನೂ ಇವರಪ್ಪನ ಹೆಸರಲ್ಲಿ. ಇವರು ಕೈಯಾರೆ ಜೀವ ಕೊಟ್ಟಿದ್ದು ಆ ಗಾಡಿ ಒಂದಕ್ಕೇ. ಅದನ್ನ ದಯಾನಂದನ ಹೆಸರಿಗೆ ಮಾಡಿಸ್ಕೊಡಿ. ದಯಾನಂದ ಬಿನ್ ವೆಂಕಟರಂಗಯ್ಯ ಅಂತ ಬರುತ್ತಲ್ಲ, ಆ ಬಿನ್ ಮುಂದಿನ ಹೆಸರು ಸಾಕು ನಂಗೆ."

"ಅದಕ್ಕೆ ಯಾವ ಕಾಗದ ಬೇಕು ಅಂತ ಗೊತ್ತಲ್ಲ ನಿಮ್ಗೆ."

"ಗೊತ್ತು."

"ಅಮ್ಮಾ," ಎಂದ ದಯಾನಂದ.

"ನೀನ್ ಸುಮ್ನಿರೋ."

ಸ್ವರ್ಣಲತಾ ಬೇಲಿಯ ಪಕ್ಕದ ಬೈಕನ್ನೇ ನೋಡುತ್ತಿದ್ದಳು. "ಇವರು ವರ್ಷಕ್ಕೊಂದ್ಸಲ ಬರೋರು. ಅಂಗಡಿ ಮುಂದೆ ನಿಲ್ಸಿ, ಎಂಜಿನ್ ಆಫ್ ಮಾಡ್ದೇನೇ ಮಾತಾಡ್ಸಿ ಹೋಗೋರು. ನಾನು ಮಿಷನ್ನು ನಿಲ್ಸಿ ಆ ಸದ್ದು ಕೇಳ್ಕೊತಿದ್ದೆ."

ಇದು ಪ್ರಮೀಳಾಳಿಗೆ ಗೊತ್ತಿರಲಿಲ್ಲ.

"ಹತ್ತೊಂಬತ್ತು ವರ್ಷ ಆಯ್ತು," ಎಂದಳು ಸ್ವರ್ಣಲತಾ. "ತೀರ್ಕೊಂಡಿದಾರೆ ಅಂತಾನೇ ಬರೆಸ್ಕೊಡ್ತೀನಿ. ಸೋಮವಾರ ಕೋರ್ಟಿಗೆ ಹೋಗ್ತೀನಿ."

ಪ್ರಮೀಳಾ ತಲೆಯಾಡಿಸಿದಳು.

"ಚಟ್ಟ ಆಯ್ತಂತೆ, ಬಾರೇ ಪ್ರಮೀಳಾ," ಎಂದು ಕದರಮ್ಮ ತಟ್ಟೆ ತಂದಳು. ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ, ಹಸಿರು ಬಳೆ. "ಕಡೇ ಸಲ ಇಡಿಸ್ಕೊ. ಬರ್ರೇ ಮುತ್ತೈದೇರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಕೆಲಸಕ್ಕೆ ಮೊದಲು ಕೈ ಹಾಕಲು ಯಾರಿಗೂ ಇಷ್ಟವಿಲ್ಲ. ಕದರಮ್ಮನ ಕಣ್ಣು ಸ್ವರ್ಣಲತಾಳ ಹಣೆಯ ಮೇಲೆ ನಿಂತಿತು. "ನೀನ್ಯಾಕಮ್ಮ ಕೂತೇ ಇದೀಯ? ಮುತ್ತೈದೆ ಅಲ್ವಾ? ಬಾ, ನೀನೇ ಮೊದ್ಲು ಇಡು."

ಸ್ವರ್ಣಲತಾ ಎದ್ದಳು. ಎರಡು ಬೆರಳಲ್ಲಿ ಕುಂಕುಮ ತೆಗೆದುಕೊಂಡಳು. ಕೈ ಅರ್ಧದಲ್ಲಿ ನಿಂತಿತು.

"ಅಜ್ಜಿ," ಎಂದಳು, ಬಟ್ಟೆಯ ಅಳತೆ ಕೇಳುವಷ್ಟು ಸಾಧಾರಣ ದನಿಯಲ್ಲಿ. "ನಾನು ಇಡಬಹುದಾ? ಈಗಷ್ಟೇ ಬರೆಸ್ಕೊಡ್ತೀನಿ ಅಂದ್ನಲ್ಲ."

ಕದರಮ್ಮನಿಗೆ ತಿಳಿಯಲಿಲ್ಲ. "ಏನ್ ಬರೆಸೋದಮ್ಮ?"

ಕುಂಕುಮದ ಒಂದೆರಡು ಕಣ ತಟ್ಟೆಯ ಅಂಚಿಗೆ ಉದುರಿದವು. ಪ್ರಮೀಳಾ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತನ್ನ ಹಣೆಯ ಹತ್ತಿರಕ್ಕೆ ತಂದುಕೊಂಡಳು.

"ಇಡಿ," ಎಂದಳು. "ಆ ಕಾಗದ ಬೇಡ."

"ಇಲ್ಲ ಪ್ರಮೀಳಾ, ನಾನು ಮನಸಾರೆ ಹೇಳ್ತಿದೀನಿ. ಸೋಮವಾರಾನೇ..."

"ಬೇಡ ಅಂದ್ನಲ್ಲ."